ಏರ್ ಫ್ಲೋರಿಡಾ 90: ಎಂಜಿನ್ ಕೆಟ್ಟಿರಲಿಲ್ಲ

1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಪೊಟೋಮ್ಯಾಕ್ ನದಿಗೆ ಬಿದ್ದ ಬೋಯಿಂಗ್ 737 ವಿಮಾನದ ಎಂಜಿನ್‌ಗಳು ಹಿಮದಿಂದಾಗಿ ನಿಂತುಹೋಗಿದ್ದವು ಎಂಬ ಬರಹವೊಂದು ಹರಿದಾಡುತ್ತಿದೆ. ಇದು ತಪ್ಪು. ಎರಡೂ ಎಂಜಿನ್‌ಗಳು ಕೊನೆಯವರೆಗೂ ಓಡುತ್ತಿದ್ದವು. ಕೈಕೊಟ್ಟದ್ದು ಒತ್ತಡ ಅಳೆಯುವ ಒಂದು ಸಣ್ಣ ನಳಿಕೆ.

ಆ ಎಂಜಿನ್‌ಗಳ ನೂಕುಬಲವನ್ನು ಪೈಲಟ್‌ಗಳು ಒಂದು ಅನುಪಾತದಿಂದ ತಿಳಿಯುತ್ತಿದ್ದರು: ಟರ್ಬೈನ್‌ನಿಂದ ಹೊರಬರುವ ಅನಿಲದ ಒತ್ತಡವನ್ನು ಎಂಜಿನ್‌ನ ಬಾಯಲ್ಲಿ ಒಳನುಗ್ಗುವ ಗಾಳಿಯ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆ. ಮುಂಭಾಗದ ನಳಿಕೆಯ ರಂಧ್ರವನ್ನು ಮಂಜುಗಡ್ಡೆ ಮುಚ್ಚಿತು. ಅಲ್ಲಿನ ಒತ್ತಡ ನಿಜಕ್ಕಿಂತ ಕಡಿಮೆ ದಾಖಲಾಯಿತು. ಛೇದ ಕುಗ್ಗಿದರೆ ಭಾಗಲಬ್ಧ ಹಿಗ್ಗಲೇಬೇಕು. ಹೀಗಾಗಿ ಮಾಪಕ 2.04 ತೋರಿಸುತ್ತಿದ್ದಾಗ ನಿಜವಾದ ಮೌಲ್ಯ ಸುಮಾರು 1.70 ಮಾತ್ರ ಇತ್ತು.

ಮಾಪಕವನ್ನಷ್ಟೇ ದೂರುವುದೂ ಸರಿಯಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ತಿರುಗುವೇಗ, ನಿಷ್ಕಾಸ ಅನಿಲದ ತಾಪಮಾನ, ಇಂಧನದ ಹರಿವು ಇವುಗಳ ಮಾಪಕಗಳು ಪಕ್ಕದಲ್ಲೇ ಇದ್ದವು, ಅವು ನೂಕುಬಲ ಸಾಲದೆಂದೇ ಹೇಳುತ್ತಿದ್ದವು. ಸಹ ಪೈಲಟ್ ರನ್‌ವೇ ಮೇಲೆಯೇ ಅನುಮಾನ ವ್ಯಕ್ತಪಡಿಸಿದ್ದರು, ಒಂದಲ್ಲ, ಹಲವು ಬಾರಿ. ವಿಮಾನ ನಿಲ್ಲಲಿಲ್ಲ. ವಿಮಾನದಲ್ಲಿದ್ದ 79 ಜನರಲ್ಲಿ 74 ಮಂದಿಯೂ, ನದಿಗೆ ಬೀಳುವ ಮುನ್ನ ವಿಮಾನ ಬಡಿದ ಸೇತುವೆಯ ಮೇಲೆ ವಾಹನಗಳಲ್ಲಿದ್ದ ನಾಲ್ವರೂ ಸತ್ತರು.

ಎಂಜಿನ್‌ನ ಹಿಮನಿರೋಧಕ ವ್ಯವಸ್ಥೆಯನ್ನು ಚಾಲೂ ಮಾಡದಿದ್ದದ್ದು, ರೆಕ್ಕೆಗಳ ಮೇಲೆ ಹಿಮವಿದ್ದರೂ ಹೊರಟದ್ದು, ವಿಚಿತ್ರ ಅಳತೆಗಳ ಬಗ್ಗೆ ಎಚ್ಚರಿಸಿದರೂ ಕ್ಯಾಪ್ಟನ್ ಟೇಕಾಫ್ ಕೈಬಿಡದಿದ್ದದ್ದು: ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಅಪಘಾತಕ್ಕೆ ಕೊಟ್ಟ ಸಂಭಾವ್ಯ ಕಾರಣಗಳು ಇವು. ಎಂಜಿನ್ ನಿಂತದ್ದು ಅವುಗಳಲ್ಲಿಲ್ಲ.