2070ಕ್ಕೆ ತೀರಿಸ್ತೀನಿ ಸಾರ್

ಮೂಡಿಗೆರೆ ಕಡೆಯ ನಮ್ಮ ಮೂರೆಕರೆ ತೋಟದ ಮೇಲೆ ಒಂದು ಸೊಸೈಟಿ ಸಾಲ ಇದೆ. ಜನವರಿಯಲ್ಲಿ ನೋಟಿಸ್ ಬಂತು. ಹಿಂದೆಲ್ಲ ಕೈಮುಗಿದು ನಿಲ್ಲುತ್ತಿದ್ದೆ. ಈ ಸಲ ಕುರ್ಚಿ ಎಳೆದುಕೊಂಡು ಕೂತೆ. "2070ಕ್ಕೆ ನೆಟ್ ಜೀರೋ ಆಗ್ತೀನಿ ಸಾರ್" ಅಂದೆ.

ಮ್ಯಾನೇಜರು ಕನ್ನಡಕ ತೆಗೆದರು. "ಈಗ ನಿಮಗೆಷ್ಟು ವಯಸ್ಸು?"

"ಐವತ್ತೆರಡು. ಆದ್ರೆ ಗುರಿ ಮುಖ್ಯ ಅಲ್ವಾ?"

ಇದು ನನ್ನ ಸ್ವಂತ ಬುದ್ಧಿಯಲ್ಲ. 2021ರಲ್ಲಿ ಗ್ಲಾಸ್ಗೋ ಹವಾಮಾನ ಸಭೆಯಲ್ಲಿ, ಬಿಟ್ಟಷ್ಟು ಇಂಗಾಲವನ್ನು ವಾಪಸ್ ಹೀರಿಸಿ ಲೆಕ್ಕ ಸೊನ್ನೆ ಮಾಡೋಕೆ, ಅಂದ್ರೆ ನೆಟ್ ಜೀರೋ ಆಗೋಕೆ, ನಮ್ಮ ದೇಶ ಕೇಳಿದ ವಾಯಿದೆ ಅದೇ. ಚೀನಾದ್ದು 2060. ಅಮೆರಿಕ 2050 ಅಂದಿತ್ತು, ಆಮೇಲೆ ಪ್ಯಾರಿಸ್ ಹವಾಮಾನ ಒಪ್ಪಂದದಿಂದಲೇ ಎದ್ದು ಹೊರಟಿತು, ಅದೂ ಎರಡನೇ ಸಲ. ಆ ದಾರಿ ನನಗೂ ಇಷ್ಟವೇ. ಏನ್ಮಾಡೋದು, ತೋಟದ ಕಾಗದ ಸೊಸೈಟಿಯಲ್ಲಿದೆ.

ನಮ್ಮ ದೇಶದ ಮಾತಿನಲ್ಲಿ ನ್ಯಾಯ ಇಲ್ಲ ಅಂತಲ್ಲ. ಇಷ್ಟು ವರ್ಷ ಜಾಸ್ತಿ ಹೊಗೆ ಬಿಟ್ಟವರು ಶ್ರೀಮಂತ ದೇಶದವರು. ನಾನೂ ಅದನ್ನೇ ಹಿಡಿದೆ. "ದೊಡ್ಡ ಎಸ್ಟೇಟ್‌ನವರು ಮೊದಲು ಕಟ್ಟಲಿ ಸಾರ್."

"ಈ ವರ್ಷದ ಕಂತು?"

"ಅದನ್ನ ಮುಂದಿನ ಸಭೆಯಲ್ಲಿ ಚರ್ಚಿಸೋಣ."

ಅದೇ ಗ್ಲಾಸ್ಗೋದಲ್ಲಿ ಕಲ್ಲಿದ್ದಲನ್ನು 'ಬಿಡ್ತೀವಿ' ಅಂತಿದ್ದದ್ದನ್ನು ಕೊನೇ ಗಳಿಗೆಯಲ್ಲಿ 'ಕಮ್ಮಿ ಮಾಡ್ತೀವಿ' ಅಂತ ತಿದ್ದಿಸಿದರು. ತಿದ್ದಿಸಿದವರಲ್ಲಿ ನಮ್ಮವರೂ ಇದ್ದರು. ನಮ್ಮ ಭಾವ ಕುಡಿತದ ವಿಷಯದಲ್ಲಿ ಪ್ರತಿ ಯುಗಾದಿಗೂ ಇದೇ ತಿದ್ದುಪಡಿ ತರುತ್ತಾರೆ. ಅಕ್ಕ ಚಪ್ಪಾಳೆ ತಟ್ಟಲ್ಲ, ಅಷ್ಟೇ ವ್ಯತ್ಯಾಸ. 2023ರ ದುಬೈ ಸಭೆಗಂತೂ ತೈಲ ಕಂಪನಿಯ ಮುಖ್ಯಸ್ಥರೇ ಅಧ್ಯಕ್ಷರು. ಹಲಸಿನ ಮರ ಕಾಯೋಕೆ ಕಾಡಾನೆ ನಿಲ್ಲಿಸಿದ ಹಾಗೆ.

ಕಾರ್ಖಾನೆಗಳ ಕಾಲಕ್ಕೆ ಮುಂಚೆ ಇದ್ದದ್ದಕ್ಕೆ ಹೋಲಿಸಿದರೆ ಭೂಮಿ 1.5 ಡಿಗ್ರಿಗಿಂತ ಜಾಸ್ತಿ ಬಿಸಿಯಾಗಬಾರದು ಅಂತ 2015ರಲ್ಲಿ ಪ್ಯಾರಿಸ್‌ನಲ್ಲಿ ಮಾತಾಗಿತ್ತು. 2024 ಒಂದೇ ವರ್ಷದ ಲೆಕ್ಕದಲ್ಲಿ ಆ ಗೆರೆ ದಾಟಿತು. ಒಂದು ವರ್ಷ ದಾಟಿದರೆ ಗುರಿ ತಪ್ಪಿದ ಹಾಗಲ್ಲ, ಇಪ್ಪತ್ತು ವರ್ಷದ ಸರಾಸರಿ ನೋಡಬೇಕು ಅನ್ನುತ್ತಾರೆ ಬಲ್ಲವರು. ಸರಿಯಾದ ಮಾತೇ. ನನ್ನ ಕಂತಿಗೂ ಇಪ್ಪತ್ತು ವರ್ಷದ ಸರಾಸರಿ ನೋಡಿ ಅಂದರೆ ಮ್ಯಾನೇಜರು ಗುರ್ ಅಂದರು.

ಕಾಫಿ ಗಿಡಕ್ಕೆ ಸರಾಸರಿ ಗೊತ್ತಾಗಲ್ಲ. ಹೂ ಅರಳಿಸುವ ಹೂಮಳೆ ಮಾರ್ಚ್, ಏಪ್ರಿಲ್‌ನಲ್ಲಿ ಬೀಳಬೇಕು. ಒಂದೊಂದು ವರ್ಷ ಜನವರಿಯಲ್ಲೇ ಸುರಿದುಬಿಡುತ್ತೆ. ಗಿಡದಲ್ಲಿ ಹಣ್ಣೂ ಇರುತ್ತೆ, ಹೂವೂ ಬರುತ್ತೆ. ಕೊಯ್ದದ್ದು ಕಣದಲ್ಲೇ ನೆನೆದು ಹುಳಿ ವಾಸನೆ ಹೊಡೆಯುತ್ತೆ. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ ಕಡೆ ಗುಡ್ಡವೇ ಇಳಿದು ಬಂತು. ವಾಯಿದೆ ಕೇಳಲಿಲ್ಲ.

ಹೊರಗೆ ಬಂದೆ. ಸೊಸೈಟಿ ಎದುರು ಪ್ರತಿ ಜೂನ್ 5ಕ್ಕೆ ಗಿಡ ನೆಡುವ ಗುಂಡಿ ಇದೆ. ಗಿಡ ಬದಲಾಗುತ್ತೆ, ಗುಂಡಿ ಅದೇ. ಹೊಸದು ತೋಡುವ ಖರ್ಚಿಲ್ಲ, ಫೋಟೋಗೂ ಬೆಳಕು ಚೆನ್ನಾಗಿದೆ.

ಆ ಗುಂಡಿಗೆ ಟಪ್ ಅಂತ ಒಂದು ಹನಿ ಬಿತ್ತು. ತಲೆಯೆತ್ತಿದರೆ ಮೋಡ ಕಪ್ಪಗೆ. ಅಯ್ಯೋ, ಕಣದಲ್ಲಿ ಕಾಫಿ! ನಾನು ಬೈಕ್ ಒದೆಯುವಷ್ಟರಲ್ಲಿ ಮ್ಯಾನೇಜರು ಫೈಲು ಬಿಟ್ಟು ನನಗಿಂತ ಮುಂಚೆ ಗೇಟು ದಾಟಿದ್ದರು. ಅವರದ್ದೂ ಕಣದಲ್ಲಿತ್ತಂತೆ.