ಏಳೇ ದಿನದ ನಾಯಿ ಮೇಷ್ಟ್ರು

ಶಿವಮೊಗ್ಗದಲ್ಲಿ ಆಟೋ ಓಡಿಸಲು ಲೈಸೆನ್ಸ್ ಬೇಕು, ಹೋಟೆಲ್ ಇಡಲು ಪಾಲಿಕೆಯ ಪರವಾನಗಿ ಬೇಕು. ನಾಯಿಗೆ ವಿದ್ಯೆ ಕಲಿಸಲು ಮಿಲಿಟರಿ ಬಣ್ಣದ ಪ್ಯಾಂಟು, ಒಂದು ಸೀಟಿ, ಫ್ಲೆಕ್ಸಿನಲ್ಲಿ ನಾಲಿಗೆ ಚಾಚಿದ ಜರ್ಮನ್ ಶೆಫರ್ಡ್ ಇದ್ದರೆ ಸಾಕು. ಈ ದೇಶದ ಕಾನೂನು ನಾಯಿ ಮೇಷ್ಟ್ರಿಗೆ ಯಾವ ಪರೀಕ್ಷೆಯನ್ನೂ ಕಡ್ಡಾಯ ಮಾಡಿಲ್ಲ.

ಗೋಡೆಯಲ್ಲಿ ಏಳು ದಿನದ ಕೋರ್ಸಿನ ಸರ್ಟಿಫಿಕೇಟ್ ತೂಗುತ್ತಿರುತ್ತದೆ. ನಾಯಿ ತರಬೇತುದಾರರಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಸಿಸಿಪಿಡಿಟಿ ಮಂಡಳಿಯಲ್ಲಿ ಬರೀ ಪರೀಕ್ಷೆಗೆ ಕೂರಬೇಕಾದರೂ ಹಿಂದಿನ 3 ವರ್ಷದಲ್ಲಿ 300 ಗಂಟೆ ಕಲಿಸಿದ ಲೆಕ್ಕ ಕೊಡಬೇಕು. ನಮ್ಮ ಮೇಷ್ಟ್ರು ಏಳು ದಿನ ನಿದ್ದೆಗೆಟ್ಟು ಕಲಿತಿದ್ದರೂ 168 ಗಂಟೆ. ಉಳಿದ 132 ಗಂಟೆ ನಿಮ್ಮ ನಾಯಿಯ ಖಾತೆಗೆ.

ಬಂದವರೇ ಹೇಳುವ ಮೊದಲ ಮಾತು: "ಸಾರ್, ನೀವು ಆಲ್ಫಾ, ಅಂದರೆ ಗುಂಪಿನ ಯಜಮಾನ ಆಗಬೇಕು. ನೀವು ಉಂಡಮೇಲೇ ಅದಕ್ಕೆ ಊಟ." ಮಲೆನಾಡಿನ ನಾಯಿ ತಲೆತಲಾಂತರದಿಂದ ಮನೆಯವರೆಲ್ಲ ಉಂಡು ಕೈ ತೊಳೆದ ಮೇಲೇ ಉಂಡಿದೆ. ಈ ಲೆಕ್ಕದಲ್ಲಿ ತೀರ್ಥಹಳ್ಳಿಯ ನಾಯಿಗಳೆಲ್ಲ ಇಷ್ಟು ಹೊತ್ತಿಗೆ ಋಷಿಗಳಾಗಿರಬೇಕಿತ್ತು. ಅವಿನ್ನೂ ಪಕ್ಕದ ತೋಟದವರ ಕೋಳಿ ಅಟ್ಟಿಸಿಕೊಂಡೇ ಇವೆ.

ಆಲ್ಫಾದ ಬೇರು 1947ರಲ್ಲಿ ಪ್ರಾಣಿ ವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಬರೆದ ಪ್ರಬಂಧದಲ್ಲಿದೆ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಒಟ್ಟಿಗೆ ಕೂಡಿಹಾಕಿದ ತೋಳಗಳನ್ನು. ಸಾಗರದ ಬಸ್ಸಿನ ಕಿಟಕಿಗೆ ಟವೆಲ್ ಎಸೆಯುವವರನ್ನು ನೋಡಿ ಕೂಡುಕುಟುಂಬದ ಬಗ್ಗೆ ಗ್ರಂಥ ಬರೆದ ಹಾಗೆ. ಕಾಡಿನ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮಕ್ಕಳು ಅಷ್ಟೆ ಎಂದು ಅಮೆರಿಕದ ತೋಳ ತಜ್ಞ ಡೇವಿಡ್ ಮೀಚ್ 1999ರಲ್ಲೇ ಬರೆದರು. ಸುದ್ದಿ ಇನ್ನೂ ಆಗುಂಬೆ ಘಾಟಿ ಹತ್ತುತ್ತಿದೆ.

ಗುರುಗುಟ್ಟಿದರೆ ಮುಳ್ಳಿನ ಕಾಲರ್ ಜಗ್ಗುವುದು ಎರಡನೇ ಪಾಠ. ಕುಕ್ಕರ್ ಕೂಗುತ್ತದೆಂದು ಸೀಟಿಗೆ ಬಟ್ಟೆ ತುರುಕುವ ವಿದ್ಯೆ ಇದು. ಹೆದರಿಕೆ ಒಳಗೇ ಇರುತ್ತದೆ, ಎಚ್ಚರಿಕೆ ಮಾತ್ರ ನಿಲ್ಲುತ್ತದೆ. ಮುಂದಿನ ಸಲ ನಾಯಿ ಸದ್ದಿಲ್ಲದೆ ಬಾಯಿ ಹಾಕುತ್ತದೆ. ಸಾಧು ನಾಯಿ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಕಚ್ಚಲು ಬಂದರೆ ಕಿವಿ ಮಡಚಿ ಮೂಸಿ ನೋಡಿ: ಹುಳಿ ವಾಸನೆ, ಕಂದು ಕೊಳೆ ಇದ್ದರೆ ಸೋಂಕಿರಬಹುದು. ಕಾಲ್ಬೆರಳ ಸಂದಿಯಲ್ಲಿ ಉಣುಗು ಕೂತಿದೆಯೇ ನೋಡಿ. ಆಲ್ಫಾ ಆಗುವ ಮೊದಲು ಪಶುವೈದ್ಯರ ಹತ್ತಿರ ಹೋಗಬೇಕು. ಊರಲ್ಲೇ ಪಶುವೈದ್ಯಕೀಯ ಕಾಲೇಜಿದೆ. ಕೂರು, ಬಾ, ಎಳೆಯದೆ ನಡಿ ಎಂಬುದು ತರಬೇತುದಾರರ ಕೆಲಸ. ಕಚ್ಚುವುದು, ಒಂಟಿಯಾದರೆ ಬಾಗಿಲು ಕೆರೆಯುವುದು ವರ್ತನೆ ತಜ್ಞರ ಕೆಲಸ. ಪಶುವೈದ್ಯರಲ್ಲದಿದ್ದರೆ ಮಾತ್ರೆ ಬರೆಯುವ ಅಧಿಕಾರ ಇಬ್ಬರಿಗೂ ಇಲ್ಲ.

"21 ದಿನ ನಮ್ಮಲ್ಲೇ ಬಿಡಿ, ನೋಡಲು ಬರಬೇಡಿ" ಎನ್ನುವ ಗುರುಕುಲವೂ ಉಂಟು. ನಾಯಿ ಮೇಷ್ಟ್ರ ಮಾತು ಕೇಳುವುದನ್ನು ಚೆನ್ನಾಗಿ ಕಲಿತು ಬರುತ್ತದೆ. ಮೇಷ್ಟ್ರು ನಿಮ್ಮ ಮನೆಯಲ್ಲಿ ಇರುವುದಿಲ್ಲ, ಅಷ್ಟೇ ತೊಂದರೆ.

ದುಡ್ಡು ಕೊಡುವ ಮೊದಲು ಎರಡೇ ಮಾತು ಕೇಳಿ: ಸರಿ ಮಾಡಿದರೆ ನಾಯಿಗೆ ಏನು ಸಿಗುತ್ತದೆ, ತಪ್ಪು ಮಾಡಿದರೆ ಏನಾಗುತ್ತದೆ? ಬಲ್ಲವರಾದರೆ ಕಡಲೆಕಾಳಿನಷ್ಟು ಬೆಂದ ಕೋಳಿ ಚೂರು, ಕೂತ ಒಂದೆರಡು ಸೆಕೆಂಡಿನೊಳಗೆ, ಸಲಕ್ಕೆ ಐದೇ ನಿಮಿಷದ ಪಾಠ ಎನ್ನುತ್ತಾರೆ. ಉಳಿದವರು ಕರೆಂಟ್ ಕಾಲರಿನ ರಿಮೋಟ್ ತೋರಿಸುತ್ತಾರೆ.

ಹೊಡೆದು ಹಿಂಸಿಸಿದರೆ ಕಾನೂನಿಲ್ಲವೇ? ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಮೇಷ್ಟ್ರ ಫೀಸಿನ ರಸೀದಿಯಲ್ಲಿ ಜಿಎಸ್‌ಟಿಯೇ ಇದಕ್ಕಿಂತ ಹೆಚ್ಚು ಬಂದೀತು, ರಸೀದಿ ಕೊಟ್ಟರೆ.