ಸಾಫ್ಟನರ್ ಹಾಕಿಸುವ ಮುನ್ನ ಉಪ್ಪಿನ ಲೆಕ್ಕ

ಕಲಬುರಗಿಯಲ್ಲಿ ಈಗ ಹೊಸ ಮನೆ ಕಟ್ಟುವವರೆಲ್ಲ ಬೋರ್, ಸಂಪು, ಸೋಲಾರ್ ಆದ ಮೇಲೆ ಕೇಳುವುದು ಗಡಸು ನೀರನ್ನು ಮೆತ್ತಗೆ ಮಾಡುವ ವಾಟರ್ ಸಾಫ್ಟನರ್. ಬೇಡ ಅನ್ನಲಾರೆ. ನಮ್ಮ ಬೋರ್ ನೀರೇ ಹಾಗಿದೆ. ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಷವರಿನ ತೂತು ಮುಚ್ಚಿಹೋಗುತ್ತವೆ, ಸೋಪು ನೊರೆ ಬಿಡದೆ ಬಕೆಟ್ಟಿಗೆ ಜಿಗುಟಾಗಿ ಅಂಟುತ್ತದೆ. ಸೇಡಂ, ವಾಡಿ, ಶಹಾಬಾದ್ ಕಡೆ ನೆಲದಡಿ ಇರುವುದೇ ಸುಣ್ಣದ ಕಲ್ಲು. ಅದನ್ನೇ ನಂಬಿ ಸಿಮೆಂಟ್ ಫ್ಯಾಕ್ಟರಿಗಳು ನಿಂತಿವೆ, ಅದನ್ನೇ ನಾವು ಮನೆಗೆ ಹಾಸುತ್ತೇವೆ. ಅದರ ಸಂದಿನಲ್ಲಿ ಇಳಿದು ಬಂದ ನೀರು ಮೆತ್ತಗೆ ಇರುತ್ತದಾ?

ನನ್ನ ತಕರಾರು ಇರುವುದು ಮಾರುವವರ ಮಾತಿನ ಮೇಲೆ. "ಸರ, ಇದು ಹಾಕಿದ್ರ ನೀರಿನ್ಯಾಗಿನ ಉಪ್ಪೆಲ್ಲ ಹೋಗ್ತದ್ರಿ" ಅನ್ನುತ್ತಾರೆ. ಆಮೇಲೆ ಜೇಬಿನಿಂದ ಪೆನ್ನಿನಂಥ ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಮೀಟರ್ ತೆಗೆದು ಲೋಟಕ್ಕೆ ಅದ್ದುತ್ತಾರೆ. 900 ಅಂತ ತೋರಿಸಿದರೆ ಮುಗಿಯಿತು, ಮನೆಯವರೆಲ್ಲ ಗಾಬರಿ. ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವ ನನಗೆ ಆ ಮೀಟರ್ ಕಂಡರೇ ಮೈ ಉರಿಯುತ್ತದೆ.

ಯಾಕೆಂದರೆ ಸಾಫ್ಟನರ್ ಉಪ್ಪನ್ನು ತೆಗೆಯುವ ಮಷೀನೇ ಅಲ್ಲ. ಆ ಉದ್ದನೆಯ ಸಿಲಿಂಡರಿನೊಳಗೆ ಇರುವುದು ರೆಸಿನ್. ಜೇನಿನ ಬಣ್ಣದ, ರವೆಯಷ್ಟು ಸಣ್ಣ ಪ್ಲಾಸ್ಟಿಕ್ ಕಾಳುಗಳು. ಕಾಳಿನ ಮೈಯಲ್ಲೆಲ್ಲ ಋಣ ಚಾರ್ಜಿನ ಜಾಗಗಳಿವೆ, ಅಲ್ಲಿ ಸೋಡಿಯಂ ಕೂತಿರುತ್ತದೆ. ಗಡಸು ನೀರು ಹಾದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಂದು ಅಲ್ಲಿ ಕೂರುತ್ತವೆ. ಒಂದು ಕ್ಯಾಲ್ಸಿಯಂ ಕೂರಬೇಕಾದರೆ ಎರಡು ಸೋಡಿಯಂ ಎದ್ದು ನೀರಿಗೆ ಇಳಿಯಬೇಕು. ಚಾರ್ಜ್ ಸರಿಹೋಗಲೇಬೇಕಲ್ವಾ? ಇದೇ ಅಯಾನು ವಿನಿಮಯ. 40 ಮಿಲಿಗ್ರಾಂ ಕ್ಯಾಲ್ಸಿಯಂ ಹೋದರೆ 46 ಮಿಲಿಗ್ರಾಂ ಸೋಡಿಯಂ ಬರುತ್ತದೆ. ಅಂದರೆ ಟಿಡಿಎಸ್ ಇಳಿಯುವ ಮಾತೇ ಇಲ್ಲ, ಒಂದು ಚೂರು ಏರಿದರೂ ಏರಬಹುದು. ಮೀಟರ್ ತೋರಿಸಿ ಸಾಫ್ಟನರ್ ಮಾರುವುದು, ಆಮೇಲೆ ಕೊಂಡವರು ಅದೇ ಮೀಟರ್ ಹಿಡಿದು "ಮೋಸ ಆಯ್ತು" ಅಂತ ಜಗಳ ತೆಗೆಯುವುದು, ಎರಡೂ ನಡೆದಿದೆ.

ಗಡಸುತನ ನೋಡಬೇಕೆಂದರೆ ಹನಿ ಹಾಕಿಯೇ ನೋಡಬೇಕು. ನಮ್ಮ ಲ್ಯಾಬಿನಲ್ಲಿ ಹಾಗೇ ಮಾಡುತ್ತೇವೆ. ಫ್ಲಾಸ್ಕಿನ ನೀರಿಗೆ ಅಮೋನಿಯಾ ಬಫರ್ ಹಾಕುತ್ತೇವೆ, ವಾಸನೆ ಮೂಗಿಗೆ ಹೊಡೆಯುತ್ತದೆ. ಮೇಲೆ ಒಂದು ಚಿಟಿಕೆ ಇಬಿಟಿ ಇಂಡಿಕೇಟರ್. ನೀರು ವೈನ್ ಕೆಂಪಾಗುತ್ತದೆ. ಬ್ಯುರೆಟ್ಟಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣ ಬಿಡುತ್ತಾ ಹೋದರೆ ಕೆಂಪು ನೇರಳೆಯಾಗಿ, ಕೊನೆಯ ಒಂದು ಹನಿಗೆ ಥಟ್ಟನೆ ನೀಲಿಯಾಗುತ್ತದೆ. ಮನೆಯಲ್ಲೇ ನೋಡುವ ಸಣ್ಣ ಕಿಟ್ ಸಿಗುತ್ತದೆ. ಮಾರುವವರು ಅದನ್ನು ತಂದರೆ ಮಾತ್ರ ಒಳಗೆ ಕರೆಯಿರಿ.

ಇನ್ನು ಲೆಕ್ಕ. ಕುಡಿಯುವ ನೀರಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನದಂಡದ ಪ್ರಕಾರ ಲೀಟರಿಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಳ್ಳೆಯದು. ಗಡಸುತನವನ್ನು ಅಳೆಯುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಅದರ 100 ಮಿಲಿಗ್ರಾಂನಲ್ಲಿ ಕ್ಯಾಲ್ಸಿಯಂ 40. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮ ಬೋರ್ 600 ಅಂದುಕೊಳ್ಳಿ. 25 ಲೀಟರ್ ರೆಸಿನ್ ಸುಮಾರು 2,000 ಲೀಟರ್ ನೀರಿಗೆ ಸುಸ್ತಾಗುತ್ತದೆ. ದಿನಕ್ಕೆ 500 ಲೀಟರ್ ಬಳಸುವ ಮನೆಗೆ ನಾಲ್ಕು ದಿನ. ಆಮೇಲೆ ರಿಜನರೇಷನ್ ಮಾಡಬೇಕು. ಗಟ್ಟಿ ಉಪ್ಪುನೀರು ಹಾಯಿಸಿದಾಗ ಸೋಡಿಯಂ ಗುಂಪುಗೂಡಿ ಬಂದು ಕ್ಯಾಲ್ಸಿಯಂ ಅನ್ನು ಎಬ್ಬಿಸುತ್ತದೆ. ಒಂದು ಸಲಕ್ಕೆ ಹತ್ತಿರಹತ್ತಿರ 4 ಕೆಜಿ ಉಪ್ಪು, ತಿಂಗಳಿಗೆ 30 ಕೆಜಿ.

ಆ 30 ಕೆಜಿ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಊರ ಹೊರಗಿನ ಲೇಔಟುಗಳಲ್ಲಿ ಎಷ್ಟೋ ಕಡೆ ಯುಜಿಡಿ (ಒಳಚರಂಡಿ) ಇಲ್ಲ. ಪೈಪನ್ನು ಪಕ್ಕದ ಖಾಲಿ ಪ್ಲಾಟಿಗೆ ಇಲ್ಲಾ ಗಿಡದ ಬುಡಕ್ಕೆ ಬಿಡುತ್ತಾರೆ. ಕೆಳಗಿರುವುದು ಎರಿ ಮಣ್ಣು, ಕಥೆ ಶುರುವಾಗುವುದೇ ಅಲ್ಲಿ. ಎರಿ ಮಣ್ಣಿನ ಜೇಡಿಯೂ ಋಣ ಚಾರ್ಜಿನದ್ದೇ. ತೊಗರಿಗೆ ಬೇಕಾದ ಕ್ಯಾಲ್ಸಿಯಂ, ಪೊಟ್ಯಾಷಿಯಂ ಎಲ್ಲ ಅದರ ಮೈಗೆ ಅಂಟಿರುತ್ತವೆ. ಬೀದರಿನ ಕೆಂಪು ಮಣ್ಣಿಗೆ ಈ ಶಕ್ತಿ ಬಹಳ ಕಡಿಮೆ. ಅಷ್ಟೇಕೆ, ಅಯಾನು ವಿನಿಮಯ ಮೊದಲು ಗೊತ್ತಾದದ್ದೇ ಮಣ್ಣಿನಿಂದ. 1850ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಥಾಮ್ಸನ್ ಮತ್ತು ವೇ ಅನ್ನುವವರು ಮಣ್ಣಿನ ಮೂಲಕ ಅಮೋನಿಯಂ ಸಲ್ಫೇಟ್ ಹಾಯಿಸಿ ನೋಡಿದರು. ಕೆಳಗೆ ಇಳಿದದ್ದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ. ಅಮೋನಿಯಂ ಮಣ್ಣಲ್ಲೇ ಉಳಿದಿತ್ತು. ರೆಸಿನ್ ಬಂದದ್ದು 1935ರಲ್ಲಿ.

ಅಂಥ ಮಣ್ಣಿಗೆ ಸೋಡಿಯಂ ಸುರಿಯುತ್ತಾ ಹೋದರೆ ಅದು ಕ್ಯಾಲ್ಸಿಯಂ ಜಾಗದಲ್ಲಿ ಕೂರುತ್ತದೆ. ಜೇಡಿ ಉಬ್ಬಿ, ಬಿಡಿಬಿಡಿಯಾಗಿ ಕದಡಿ, ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಮೇಲೆ ನೀರು ನಿಂತರೂ ಕೆಳಗೆ ಇಳಿಯುವುದಿಲ್ಲ, ಒಣಗಿದರೆ ಕಲ್ಲು. ಶಹಾಪುರ, ಸುರಪುರ ಕಡೆ ಕಾಲುವೆ ಬಂದ ಮೇಲೆ ಸವಳು ಬಿದ್ದ ಹೊಲ ಇರುವವರಿಗೆ ಈ ಸಂಕಟ ಗೊತ್ತು. ಸೋಡಿಯಂ ಹೆಚ್ಚಾದ ಹೊಲಕ್ಕೆ ಜಿಪ್ಸಂ ಹಾಕಿ, ನೀರು ಕಟ್ಟಿ, ಬಸಿದು ಹೋಗಲು ದಾರಿ ಮಾಡುತ್ತಾರೆ. ಅಲ್ಲಿ ಕ್ಯಾಲ್ಸಿಯಂ ವಾಪಸ್ ಕೂರಿಸಲು ರೈತ ದುಡ್ಡು ಸುರಿಯುತ್ತಿದ್ದಾನೆ, ಇಲ್ಲಿ ನಾವು ಅದನ್ನು ಎಬ್ಬಿಸಲು ಸುರಿಯುತ್ತಿದ್ದೇವೆ.

ಕುಡಿಯುವ ನೀರಿನ ಮಾತು. 600ರ ನೀರು ಸಾಫ್ಟನರಿನಿಂದ ಹೊರಬಂದಾಗ ಲೀಟರಿಗೆ 276 ಮಿಲಿಗ್ರಾಂ ಹೊಸ ಸೋಡಿಯಂ ಸೇರಿರುತ್ತದೆ. ಬಿಪಿ ಇರುವವರು ಅದನ್ನು ದಿನವಿಡೀ ಕುಡಿಯುವುದು ನನಗಂತೂ ಸರಿ ಕಾಣುವುದಿಲ್ಲ. ಯಾದಗಿರಿ ಕಡೆಯವರಿಗೆ ಇನ್ನೊಂದು ಮಾತು. ಫ್ಲೋರೈಡ್ ಋಣ ಅಯಾನು. ಸಾಫ್ಟನರ್ ರೆಸಿನ್ ಹಿಡಿಯುವುದು ಧನ ಅಯಾನುಗಳನ್ನು ಮಾತ್ರ. ಫ್ಲೋರೈಡ್ ಇರುವ ಬೋರಿಗೆ ಸಾಫ್ಟನರ್ ಹಾಕಿ ನಿಶ್ಚಿಂತೆಯಿಂದ ಕೂತರೆ ಹಲ್ಲು, ಮೂಳೆ ಉಳಿಯುವುದಿಲ್ಲ. ಅದಕ್ಕೆ ಆರ್‌ಒ ಇಲ್ಲಾ ಆಕ್ಟಿವೇಟೆಡ್ ಅಲ್ಯೂಮಿನಾ ಬೇಕು.

ಅಂದಹಾಗೆ, ಬೋರ್ ನೀರಲ್ಲಿ ಬ್ಯಾಳಿ ಕುದಿಯುವುದಿಲ್ಲ ಅಂತ ನಮ್ಮ ಅವ್ವ ಗೊಣಗುವುದು ಸುಮ್ನೆ ಅಲ್ಲ. ಬೇಳೆಯ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಅಂಟಿ ಅದನ್ನು ಬಿಗಿ ಮಾಡುತ್ತದೆ. ತೊಗರಿ ಬೇಳೆಯನ್ನು ರಾತ್ರಿ ಚೂರು ಉಪ್ಪು ಹಾಕಿದ ನೀರಲ್ಲಿ ನೆನೆಸಿ, ಬೆಳಿಗ್ಗೆ ಆ ನೀರು ಚೆಲ್ಲಿ ಬೇಯಿಸಿ ನೋಡಿ. ಸೋಡಿಯಂ ಒಳಹೊಕ್ಕು ಕ್ಯಾಲ್ಸಿಯಂ ಎಬ್ಬಿಸುತ್ತದೆ, ಸಿಲಿಂಡರಿನೊಳಗೆ ಆಗುವುದೇ ಪಾತ್ರೆಯೊಳಗೂ ಆಗುತ್ತದೆ. ಅಷ್ಟಕ್ಕೋಸ್ಕರ ಅಡಿಗೆಮನೆಗೆ ಮಷೀನ್ ಬೇಡ.

ನನ್ನನ್ನು ಕೇಳಿದವರಿಗೆ ನಾನು ಹೇಳುವುದು ಇಷ್ಟು. ಗೀಸರ್, ಬಚ್ಚಲು, ವಾಷಿಂಗ್ ಮಷೀನ್ ಲೈನಿಗೆ ಮಾತ್ರ ಸಾಫ್ಟನರ್ ಹಾಕಿಸಿ. ಅಡಿಗೆಮನೆ ನಲ್ಲಿ, ತೋಟದ ನಲ್ಲಿ ಬೇರೆ ಪೈಪಿನಿಂದ ಬರಲಿ. ಪ್ಲಂಬರಿಗೆ ಇದನ್ನು ಗೋಡೆ ಒಡೆಯುವ ಮುಂಚೆ ಹೇಳಿ, ಪ್ಲಾಸ್ಟರ್ ಆದ ಮೇಲೆ ಅಲ್ಲ. ರಿಜನರೇಷನ್ ನೀರು ಯುಜಿಡಿಗೇ ಹೋಗಬೇಕು, ಯುಜಿಡಿ ಇಲ್ಲದಿದ್ದರೆ ಅದು ಬರುವವರೆಗೆ ತಡೆಯಿರಿ. ಉಪ್ಪಿನ ಬದಲು ಪೊಟ್ಯಾಷಿಯಂ ಕ್ಲೋರೈಡ್ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಹಾಕಬಹುದು, ಮಣ್ಣಿಗೆ ಅಷ್ಟು ಕಾಟವಿಲ್ಲ. ಆದರೆ ದುಡ್ಡು ಜಾಸ್ತಿ, ಮತ್ತು ಕಿಡ್ನಿ ತೊಂದರೆ ಇರುವವರು ಆ ನೀರು ಕುಡಿಯಬಾರದು.